ಒಂದು ಪೆನ್ನಿಯ ದೂರ

1957ರ ಜನವರಿ 7, ಸೋಮವಾರ. ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್ ನಗರದ ಅಂಚಿನ ಅಲೆಕ್ಸಾಂಡ್ರಾದಿಂದ ಪೇಟೆಗೆ ಹೊರಟ ಬಸ್ಸುಗಳು ಖಾಲಿ ಓಡಿದವು. ಹತ್ತಬೇಕಾದವರು ರಸ್ತೆಯಲ್ಲಿ ನಡೆಯುತ್ತಿದ್ದರು. ಟಿಕೆಟ್ ದರ ನಾಲ್ಕು ಪೆನ್ಸ್‌ನಿಂದ ಐದಕ್ಕೆ ಏರಿತ್ತು. ಏರಿದ್ದು ಒಂದೇ ಪೆನ್ನಿ ನಿಜ. ಆದರೆ ಹೋಗಿಬರಲು ದಿನಕ್ಕೆ ಎರಡು, ಆರು ದಿನದ ದುಡಿಮೆಗೆ ಹನ್ನೆರಡು, ಅಂದರೆ ವಾರಕ್ಕೊಂದು ಶಿಲಿಂಗ್. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗೆ ಎರಡು ಶಿಲಿಂಗ್.

ದುಡಿಯುವ ಜಾಗಕ್ಕೂ ಮಲಗುವ ಜಾಗಕ್ಕೂ ನಡುವೆ ಸುಮಾರು 15 ಕಿ.ಮೀ. ಅಂತರ ಬಿದ್ದದ್ದು ಹೇಗೆ? ಅಲೆಕ್ಸಾಂಡ್ರಾ ಹುಟ್ಟಿದ್ದು 1912ರಲ್ಲಿ. ಕಪ್ಪು ಜನರ ಭೂಒಡೆತನಕ್ಕೆ ಬೇಲಿ ಹಾಕಿದ 1913ರ ಕಾಯ್ದೆಗಿಂತ ಒಂದು ವರ್ಷ ಮೊದಲು. ಹಾಗಾಗಿ ಅವರು ಸ್ವಂತ ನಿವೇಶನ ಹೊಂದಬಹುದಾಗಿದ್ದ ಕೆಲವೇ ಜಾಗಗಳಲ್ಲಿ ಅದೂ ಒಂದು. ನಗರದ ಕಾರ್ಖಾನೆಗಳಿಗೆ, ಅಡುಗೆಮನೆಗಳಿಗೆ ಅವರ ಕೈಗಳು ಬೇಕಿದ್ದವು. ಕತ್ತಲಾದ ಮೇಲೆ ಅವರು ನೆರೆಯವರಾಗಿರುವುದು ಮಾತ್ರ ಬೇಡವಾಗಿತ್ತು. 1950ರ ಗ್ರೂಪ್ ಏರಿಯಾಸ್ ಕಾಯ್ದೆ ಯಾವ ಬಣ್ಣದವರು ಎಲ್ಲಿ ಬಾಳಬೇಕೆಂದು ಗೆರೆ ಎಳೆಯಿತು. 1955ರ ಫೆಬ್ರುವರಿಯಲ್ಲಿ ಇದೇ ನಗರದ ಸೋಫಿಯಾಟೌನ್‌ನ ಜನರನ್ನು ಲಾರಿಗಳಿಗೆ ತುಂಬಿ ದೂರದ ಮೆಡೋಲ್ಯಾಂಡ್ಸ್‌ಗೆ ಸಾಗಿಸಲಾಯಿತು. ಹೀಗೆ ದೂರ ತಳ್ಳಿದವರು ಒಬ್ಬರು, ಆ ದೂರಕ್ಕೆ ದಿನವೂ ದುಡ್ಡು ತೆರುವವರು ಇನ್ನೊಬ್ಬರು.

ಅಲೆಕ್ಸಾಂಡ್ರಾಕ್ಕೆ ನಡಿಗೆಯ ಹೋರಾಟ ಹೊಸದಾಗಿರಲಿಲ್ಲ. 1943ರ ಆಗಸ್ಟ್‌ನಲ್ಲಿ ಇದೇ ಒಂದು ಪೆನ್ನಿಗಾಗಿ ಜನ ಒಂಬತ್ತು ದಿನ ಬಸ್ ಬಹಿಷ್ಕರಿಸಿ, ದರವನ್ನು ನಾಲ್ಕಕ್ಕೇ ಇಳಿಸಿದ್ದರು. ಅಂದು ನಡೆದವರಲ್ಲಿ ಯುವಕ ನೆಲ್ಸನ್ ಮಂಡೇಲಾ ಕೂಡ ಇದ್ದರು. ಮರುವರ್ಷ ಬಹಿಷ್ಕಾರ ಏಳು ವಾರ ನಡೆಯಿತು. ಅದರ ಬೆನ್ನಿಗೇ 1945ರಲ್ಲಿ ಪುಟ್ಕೊ ಎಂಬ ಬಸ್ ಕಂಪನಿ ಹುಟ್ಟಿತು, ಸರ್ಕಾರದ ಸಹಾಯಧನದ ಆಸರೆಯೂ ಅದಕ್ಕೆ ಸಿಕ್ಕಿತು. ಖರ್ಚು ಏರಿ, ಸಹಾಯಧನ ಸಾಲದಾದಾಗ, 1957ರಲ್ಲಿ, ಕಂಪನಿಯ ಕೈ ಮತ್ತೆ ಪ್ರಯಾಣಿಕರ ಜೇಬಿಗೇ ಹೋಯಿತು.

‘ಅಝಿಕ್ವೆಲ್ವಾ’, ಬಸ್ ಹತ್ತುವುದಿಲ್ಲ ಎಂಬ ಕೂಗು ಪ್ರಿಟೋರಿಯಾದ ಬಡಾವಣೆಗಳಿಗೂ ಹಬ್ಬಿತು. ಕಾವೇರಿದಾಗ ಸುಮಾರು 70,000 ಮಂದಿ ಬಸ್ಸು ಬಿಟ್ಟಿದ್ದರು. ಅನುಕಂಪದಿಂದ ಕೆಲವು ಬಿಳಿಯರು ಕಾರು ನಿಲ್ಲಿಸಿ ಹತ್ತಿಸಿಕೊಂಡರೆ ಪೊಲೀಸರು ಅವರನ್ನು ತಡೆದರು. ನಡೆಯುವವರ ಪಾಸ್ (ಕಪ್ಪು ಜನ ಒಯ್ಯಲೇಬೇಕಿದ್ದ ಗುರುತುಪತ್ರ) ತಪಾಸಣೆ ಮಾಡಿದರು, ಸೈಕಲ್ ಚಕ್ರಗಳ ಗಾಳಿ ಬಿಟ್ಟರು. ಇದು ಬಸ್ ದರದ ಮಾತಲ್ಲ, ರಾಜಕೀಯ ಎಂದರು ಸಾರಿಗೆ ಮಂತ್ರಿ ಬೆನ್ ಶೂಮನ್.

ಸರ್ಕಾರ ಬಗ್ಗದಿದ್ದರೂ ವ್ಯಾಪಾರಿಗಳಿಗೆ ಬಿಸಿ ತಟ್ಟಿತು. ದಣಿದು ಬಂದ ಕಾಲುಗಳು ಕಾರ್ಖಾನೆಯಲ್ಲಿ ಎಷ್ಟು ಹೊತ್ತು ನಿಂತಾವು? ಏಪ್ರಿಲ್ ಹೊತ್ತಿಗೆ ವಾಣಿಜ್ಯ ಮಂಡಳಿ ನಿಧಿಯೊಂದನ್ನು ತೆಗೆದಿಟ್ಟು ಆ ಹೆಚ್ಚುವರಿ ಪೆನ್ನಿಯನ್ನು ತಾನೇ ಭರಿಸಲು ಒಪ್ಪಿತು. ಅದೇ ವರ್ಷ ಸಂಸತ್ತು ಕಾನೂನು ತಂದು, ಕಪ್ಪು ಕಾರ್ಮಿಕರ ಪ್ರಯಾಣದ ಹೆಸರಿನಲ್ಲಿ ಮಾಲೀಕರ ಮೇಲೆ ವಂತಿಗೆ ಹೇರಿತು. ಜನರ ಪಾಲಿಗೆ ದರ ನಾಲ್ಕೇ ಪೆನ್ಸ್ ಉಳಿಯಿತು. ದುಡಿಮೆಯ ಲಾಭ ಉಣ್ಣುವವರು ದಾರಿಯ ಖರ್ಚನ್ನೂ ಹೊರಬೇಕೆಂಬ ನ್ಯಾಯವನ್ನು ನಡೆದೇ ಗೆದ್ದದ್ದು ಸಣ್ಣ ಮಾತಲ್ಲ.

ಆದರೆ ಗೆಲುವಿಗೆ ಇನ್ನೊಂದು ಮುಖವೂ ಇತ್ತು. ದರ ಕೈಗೆಟುಕುವಂತಿದ್ದರೆ ಜನರನ್ನು ಎಷ್ಟು ದೂರ ಬೇಕಾದರೂ ಇಡಬಹುದು ಎಂಬುದನ್ನು ವರ್ಣಭೇದ ಸರ್ಕಾರ ಬೇಗ ಅರಿಯಿತು. 1980ರ ದಶಕದಲ್ಲಿ, ಕಪ್ಪು ಜನರಿಗೆಂದು ಸರ್ಕಾರ ಗುರುತಿಸಿದ್ದ ದೂರದ ಕ್ವಾಂಡೆಬೆಲೆ ಪ್ರದೇಶದಲ್ಲಿ, ಕಾರ್ಮಿಕರು ಪ್ರಿಟೋರಿಯಾದ ಕೆಲಸಕ್ಕಾಗಿ ನಡುರಾತ್ರಿ ಕಳೆದು ಎರಡು ಮೂರು ಗಂಟೆಗೇ ಸಹಾಯಧನದ ಬಸ್ಸು ಹತ್ತುತ್ತಿದ್ದರು. ಸೀಟಿನಲ್ಲೇ ತೂಕಡಿಸುವ ಆ ದೇಹಗಳನ್ನು ಛಾಯಾಗ್ರಾಹಕ ಡೇವಿಡ್ ಗೋಲ್ಡ್‌ಬ್ಲಾಟ್ ದಾಖಲಿಸಿದ್ದಾರೆ. ಅಗ್ಗದ ಟಿಕೆಟ್ ಹಣ ಉಳಿಸಿತು, ನಿದ್ದೆ ಉಳಿಸಲಿಲ್ಲ.

1988ರಲ್ಲಿ ಪರವಾನಗಿಯ ಬಿಗಿ ಸಡಿಲವಾದ ಮೇಲೆ ಮಿನಿಬಸ್ ಟ್ಯಾಕ್ಸಿಗಳು ದಾರಿ ತುಂಬಿದವು. ಬಡವರ ಮುಖ್ಯ ವಾಹನ ಇಂದಿಗೂ ಅದೇ. 2010ರಲ್ಲಿ, ವಿಶ್ವಕಪ್ ಫುಟ್‌ಬಾಲ್ ಶುರುವಾಗುವ ಕೆಲವೇ ದಿನಗಳ ಮುಂಚೆ ಗೌಟ್ರೇನ್ ಎಂಬ ವೇಗದ ರೈಲು ಓಡಿತು. ಅದರ ಮಾರ್ಲ್‌ಬರೊ ನಿಲ್ದಾಣ ಅಲೆಕ್ಸಾಂಡ್ರಾಕ್ಕೆ ತಾಗಿದಂತೆಯೇ ಇದೆ. ಅಲ್ಲಿಂದ ಸಿರಿವಂತರ ಸ್ಯಾಂಡ್‌ಟನ್ ಕೆಲವೇ ನಿಮಿಷ. ರೈಲು ಹತ್ತಿರ ಬಂತು, ಟಿಕೆಟ್ ದೂರವೇ ಉಳಿಯಿತು.

ದರ ಇಳಿಸುವುದು ತುರ್ತಿನ ಕೆಲಸ. ನಡೆದು ನಡೆದು ಸೋತವರಿಗೆ ಅದನ್ನು ಹೇಳಿಕೊಡಬೇಕಿಲ್ಲ. ಆದರೆ ನಗರ ಕಟ್ಟುವವರು ಅಷ್ಟಕ್ಕೇ ನಿಂತರೆ ಸಾಲದು. ಬಡವರ ಮನೆ ಎಲ್ಲಿರಬೇಕೆಂದು ತೀರ್ಮಾನಿಸುವ ದಿನವೇ ಅವರ ಬಸ್ಸಿನ ಖರ್ಚೂ ತೀರ್ಮಾನವಾಗಿರುತ್ತದೆ.