ಮಾದರಿ ರೈಲು: ಮರಳಿ ಬರುವ ದಾರಿಯ ತೊಡಕು

ಮಾದರಿ ರೈಲು ಹಳಿ ಜೋಡಿಸುವವರಿಗೆ, ಹೊರಟ ಗಾಡಿಯನ್ನು ಅದೇ ಹಳಿಗೆ ಮರಳಿಸಲು ಕುಣಿಕೆಯಾಕಾರದ ತಿರುವು ಸುಲಭವೆಂದೇ ತೋರುತ್ತದೆ. ತೊಡಕಿರುವುದು ವಿದ್ಯುತ್ತಿನಲ್ಲಿ. 16.5 ಮಿ.ಮೀ. ಅಂತರದ ಎಚ್‌ಒ ಮಾದರಿಯಲ್ಲಿ ಸಾಮಾನ್ಯವಾಗಿ ಎರಡು ಹಳಿಗಳೇ ಎರಡು ತಂತಿಗಳು. ಸುತ್ತಿ ಬಂದ ಎಡಹಳಿ ಬಲಹಳಿಯನ್ನೇ ಕೂಡುವುದರಿಂದ, ಗಾಡಿ ಇಲ್ಲದಿದ್ದರೂ ಶಾರ್ಟ್ ಸರ್ಕ್ಯೂಟ್ ಖಚಿತ.

ಆದ್ದರಿಂದ ಕುಣಿಕೆಯ ಎರಡೂ ತುದಿಗಳಲ್ಲಿ ಎರಡೂ ಹಳಿಗಳನ್ನು ತುಂಡರಿಸಿ, ಒಳಭಾಗಕ್ಕೆ ಪ್ರತ್ಯೇಕ ವಿದ್ಯುತ್ ನೀಡಬೇಕು. ಗಾಡಿ ಒಳಗಿರುವಾಗಲೇ ಹೊರಹಳಿಯ ಧ್ರುವ ಬದಲಿಸಬೇಕು. ಒಳಭಾಗ ಗಾಡಿಗಿಂತ ಉದ್ದವಿರಲೇಬೇಕು. ಹಲವರು ಎಡವುವುದು ಇಲ್ಲಿಯೇ. ಲೋಹದ ಚಕ್ರಗಳು ಎರಡೂ ತುಂಡುಗಳನ್ನು ಏಕಕಾಲಕ್ಕೆ ದಾಟಿದರೆ ಮತ್ತದೇ ಶಾರ್ಟ್.

ಜರ್ಮನಿಯ ಮಾರ್ಕ್ಲಿನ್ ಕಂಪನಿಯ ಎಚ್‌ಒ ಹಳಿಗಳಿಗೆ ಈ ಗೋಜಿಲ್ಲ: ಎರಡೂ ಹಳಿಗಳದ್ದು ಒಂದೇ ಧ್ರುವ, ಇನ್ನೊಂದು ನಡುವಿನ ಲೋಹದ ಚುಕ್ಕೆಗಳಲ್ಲಿ. ಜಾಗವಿಲ್ಲದವರಿಗೆ ಟರ್ನ್‌ಟೇಬಲ್ ಉಂಟು; ಅದು ತಿರುಗಿಸುವುದು ಎಂಜಿನ್ನನ್ನು, ಇಡೀ ಗಾಡಿಯನ್ನಲ್ಲ.