ಉಪ್ಪುನೀರಿನ ಮೀನುತೊಟ್ಟಿಗಳಲ್ಲಿ ದಾರಿ ತಪ್ಪಿದ ವಿದ್ಯುತ್ತು

ಸಮುದ್ರದ ಮೀನುಗಳನ್ನೂ ಹವಳದ ಜೀವಿಗಳನ್ನೂ ಮನೆಯಲ್ಲಿ ಸಾಕುವವರು ತೊಟ್ಟಿಯ ನೀರಿಗೂ ಭೂಮಿಗೂ ನಡುವೆ ಮಲ್ಟಿಮೀಟರನ್ನು ಹಿಡಿದಾಗ ಅದು 30, 50, ಕೆಲವೊಮ್ಮೆ 70 ವೋಲ್ಟುಗಳನ್ನು ತೋರಿಸುವುದುಂಟು. ಕಂಡವರು ಗಾಬರಿಗೊಳ್ಳುವುದು ಸಹಜವೇ. ಆದರೆ ಅದೇ ಅಂಕಿಯು ಒಂದು ತೊಟ್ಟಿಯಲ್ಲಿ ನಿರಪಾಯವೂ ಇನ್ನೊಂದರಲ್ಲಿ ಪ್ರಾಣಾಂತಿಕವೂ ಆಗಿರಬಹುದು. ಈ ಭೇದವನ್ನು ಅರಿಯುವ ಬಗೆಯನ್ನೂ ಅದಕ್ಕೆ ತಕ್ಕ ರಕ್ಷಣೋಪಾಯಗಳನ್ನೂ ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಮೊದಲು ನಿರಪಾಯವಾದುದನ್ನು ನೋಡೋಣ. ನೀರಿನಲ್ಲಿ ಮುಳುಗಿರುವ ಪಂಪಿನ ತಂತಿಸುರುಳಿಯನ್ನು ರಾಳದ ಪದರವೊಂದು ನೀರಿನಿಂದ ಬೇರ್ಪಡಿಸುತ್ತದೆ. ಒಂದು ಕಡೆ ತಾಮ್ರ, ಇನ್ನೊಂದು ಕಡೆ ಉಪ್ಪುನೀರು, ನಡುವೆ ಅವಾಹಕ. ಇದು ತಾನೇ ತಾನಾಗಿ ಒಂದು ಕೆಪಾಸಿಟರು. ಇದರ ಧಾರಣಶಕ್ತಿ 100 ಪಿಕೋಫ್ಯಾರಡ್ ಎಂದು ಇಟ್ಟುಕೊಂಡರೆ, 50 ಹರ್ಟ್ಸ್ ಆವೃತ್ತಿಯಲ್ಲಿ ಅದು ಒಡ್ಡುವ ಅಡ್ಡಿ ಸುಮಾರು 32 ಮೆಗಾಓಮ್. ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್. ಆದಕಾರಣ 230 ವೋಲ್ಟಿನಲ್ಲಿ ಸುಮಾರು 69 ವೋಲ್ಟು ಮೀಟರಿನ ಪಾಲಿಗೆ ಬರುತ್ತದೆ. ಆದರೆ ಆ ಹಾದಿಯಲ್ಲಿ ಹರಿಯಬಲ್ಲ ಪ್ರವಾಹವು ಹೆಚ್ಚೆಂದರೆ 7 ಮೈಕ್ರೋಆಂಪಿಯರ್ ಮಾತ್ರ. ಮನುಷ್ಯನಿಗೆ ವಿದ್ಯುತ್ಸ್ಪರ್ಶದ ಅರಿವಾಗುವುದು ಸುಮಾರು ಅರ್ಧ ಮಿಲಿಆಂಪಿಯರಿನಿಂದಾಚೆಗೆ. ಇದು ಅದರ ಎಪ್ಪತ್ತನೆಯ ಒಂದು ಪಾಲು.

ಒಡೆದ ಹೀಟರಿನ ಸಂಗತಿಯೇ ಬೇರೆ. ಬಿಸಿಯಾಗಿರುವಾಗಲೇ ನೀರಿನಿಂದ ಹೊರತೆಗೆದು ಮತ್ತೆ ಮುಳುಗಿಸಿದ ಗಾಜಿನ ಕೊಳವೆ ಕೂದಲೆಳೆಯಷ್ಟು ಸೀಳಿದರೂ ಸಾಕು, ಉಪ್ಪುನೀರು ಒಳಹೊಕ್ಕು ಕಾಯುವ ತಂತಿಯನ್ನು ಮುಟ್ಟುತ್ತದೆ. ಆಗ ಹರಿಯುವುದು ಮೈಕ್ರೋಆಂಪಿಯರುಗಳಲ್ಲ. ಒದ್ದೆಯಾದ ಶರೀರದ ರೋಧವನ್ನು 1000 ಓಮ್ ಎಂದು ಎಣಿಸಿದರೆ 230 ವೋಲ್ಟು ಅದರ ಮೂಲಕ 230 ಮಿಲಿಆಂಪಿಯರನ್ನು ದೂಡಬಲ್ಲುದು; ಹೃದಯವನ್ನು ಕಂಪನಕ್ಕೆ ಈಡುಮಾಡಲು ಇದಕ್ಕಿಂತ ಬಹಳ ಕಡಿಮೆ ಸಾಕು.

ಇವೆರಡನ್ನು ಬೇರ್ಪಡಿಸಲು ವಿದ್ಯುತ್ ಕೆಲಸ ಬಲ್ಲವರು ಮೀಟರಿಗೆ ಅಡ್ಡಲಾಗಿ 100 ಕಿಲೋಓಮಿನ, 1 ವಾಟಿನ ರೋಧಕವೊಂದನ್ನು ಜೋಡಿಸುತ್ತಾರೆ. ಮೇಲಿನ ಪಂಪಿನ 69 ವೋಲ್ಟು ಆಗ 1 ವೋಲ್ಟಿಗೂ ಕೆಳಗೆ ಕುಸಿಯುತ್ತದೆ. ನಿಜವಾದ ಸೋರಿಕೆಯು 10 ಕಿಲೋಓಮಿನ ಹಾದಿಯಲ್ಲಿ ಬರುತ್ತಿದ್ದರೆ ಇನ್ನೂರು ವೋಲ್ಟಿಗೂ ಮೇಲೆ ಹಾಗೆಯೇ ನಿಲ್ಲುತ್ತದೆ.

ಮೀನುಗಳ ಗತಿ ಏನೆಂದು ವಾಚಕರು ಕೇಳಬಹುದು. ತಂತಿಯ ಮೇಲೆ ಕುಳಿತ ಹಕ್ಕಿಯಂತೆ ಇಡೀ ತೊಟ್ಟಿಯೇ ಒಂದೇ ವಿಭವದಲ್ಲಿರುವಾಗ ಮೀನಿನ ಶರೀರದಲ್ಲಿ ಗಣನೀಯವಾದ ಪ್ರವಾಹ ಹರಿಯುವುದಿಲ್ಲ. ಅದಲ್ಲದೆ ಸಮುದ್ರದ ನೀರು ನಲ್ಲಿಯ ನೀರಿಗಿಂತ ಹೆಚ್ಚುಕಡಮೆ ನೂರು ಪಟ್ಟು ಉತ್ತಮ ವಾಹಕ. ಪ್ರವಾಹವಿದ್ದರೂ ಬಹುಪಾಲು ಮೀನನ್ನು ಬಳಸಿಕೊಂಡು ಹೋಗುತ್ತದೆ. ಮೀನಿನ ತಲೆಯ ಮತ್ತು ಪಾರ್ಶ್ವರೇಖೆಯ ಚರ್ಮ ಸವೆಯುವ ವ್ಯಾಧಿಯನ್ನು ಹವ್ಯಾಸಿಗಳು ಇಂಥ ವೋಲ್ಟೇಜಿಗೆ ಆರೋಪಿಸುವ ರೂಢಿಯಿದೆ. ಈ ಆರೋಪಕ್ಕೆ ದೃಢವಾದ ಆಧಾರ ನಮಗೆ ತೋರುವುದಿಲ್ಲ. ಅಪಾಯವಿರುವುದು ಮುಖ್ಯವಾಗಿ ತೊಟ್ಟಿಗೆ ಕೈಯಿಡುವವನಿಗೆ.

ಆ ಕೈಯನ್ನು ಕಾಯುವ ಉಪಕರಣವೇ ಇ.ಎಲ್.ಸಿ.ಬಿ. ಅಥವಾ ಆರ್.ಸಿ.ಸಿ.ಬಿ. ಎಂದು ಅಂಗಡಿಗಳಲ್ಲಿ ದೊರೆಯುವ ಸ್ವಿಚ್ಚು. ಇದರೊಳಗೆ ಫೇಸು, ನ್ಯೂಟ್ರಲ್ಲುಗಳೆರಡೂ ಒಂದೇ ಕಬ್ಬಿಣದ ಬಳೆಯ ಮೂಲಕ ಹಾಯುತ್ತವೆ. ಹೋದಷ್ಟೇ ಪ್ರವಾಹ ಹಿಂದಿರುಗಿದರೆ ಎರಡರ ಕಾಂತಪ್ರಭಾವವೂ ಪರಸ್ಪರ ಅಳಿಯುತ್ತದೆ. 30 ಮಿಲಿಆಂಪಿಯರಿನಷ್ಟು ಬೇರೆ ದಾರಿ ಹಿಡಿದರೆ ಸ್ವಿಚ್ಚು ಕ್ಷಣಾರ್ಧದೊಳಗೆ ತೆರೆದುಕೊಳ್ಳುತ್ತದೆ. ಮಿತಿಮೀರಿದ ಪ್ರವಾಹವನ್ನಷ್ಟೇ ತಡೆಯುವ ಸಾಮಾನ್ಯ ಎಂ.ಸಿ.ಬಿ.ಯಿಂದ ಈ ಕಾರ್ಯ ಆಗದು. 6 ಆಂಪಿಯರಿನ ಎಂ.ಸಿ.ಬಿ.ಗೆ ಸಾಯುತ್ತಿರುವ ಮನುಷ್ಯನು ಒಂದು ಸಣ್ಣ ಬಲ್ಬಿಗೆ ಸಮಾನ.

ನೀರಿಗೆ ಟೈಟೇನಿಯಂ ಕಡ್ಡಿಯೊಂದನ್ನು ಇಳಿಬಿಟ್ಟು ಅರ್ತಿಂಗಿಗೆ ಜೋಡಿಸುವ ಪದ್ಧತಿಯೂ ಇದೆ. ಇದರ ಬಗ್ಗೆ ಎಚ್ಚರಿಕೆ ಅಗತ್ಯ. ಆರ್.ಸಿ.ಸಿ.ಬಿ.ಯೊಡನೆ ಇದ್ದರೆ ಇದು ಉಪಕಾರಿ: ಹೀಟರು ಒಡೆದೊಡನೆಯೇ, ಯಾರೂ ಕೈಯಿಡುವ ಮುನ್ನವೇ, ಸೋರಿಕೆಯು ಕಡ್ಡಿಯ ಮೂಲಕ ಭೂಮಿಗೆ ಹರಿದು ಸ್ವಿಚ್ಚನ್ನು ಬೀಳಿಸುತ್ತದೆ. ಆರ್.ಸಿ.ಸಿ.ಬಿ. ಇಲ್ಲದೆ ಕಡ್ಡಿಯೊಂದನ್ನೇ ಹಾಕಿದಾಗ, ಮೀಟರಿನ ಅಂಕಿ ಸೊನ್ನೆಗೆ ಇಳಿದು ಮನಸ್ಸಿಗೆ ನೆಮ್ಮದಿ ದೊರೆತರೂ ಸೋರಿಕೆ ಸದಾ ಹರಿಯುತ್ತಲೇ ಇರುತ್ತದೆ. ಒಂದು ಕೈ ನೀರಿನಲ್ಲಿದ್ದು ಇನ್ನೊಂದು ಕೈ ದೋಷವುಳ್ಳ ದೀಪದ ಲೋಹದ ಹೊದಿಕೆಯನ್ನು ಮುಟ್ಟಿದರೆ, ಭೂಮಿಗೆ ಸುಗಮವಾದ ಹಾದಿಯನ್ನು ಆ ಕಡ್ಡಿಯೇ ಒದಗಿಸುತ್ತದೆ. ನಮ್ಮ ಹಳೆಯ ಮನೆಗಳಲ್ಲಿ ಮತ್ತೊಂದು ತೊಡಕುಂಟು. ಮೂರು ತೂತಿನ ಪ್ಲಗ್ಗು ಇದ್ದರೂ ಅದರ ಹಿಂದೆ ಅರ್ತಿಂಗಿನ ತಂತಿ ಎಲ್ಲೋ ಕಡಿದುಹೋಗಿರುತ್ತದೆ. ಹಾಗಿದ್ದಾಗ ಫ್ರಿಜ್ಜಿನಲ್ಲಾದ ದೋಷವು ಅದೇ ತಂತಿಯ ಮೂಲಕ ತೊಟ್ಟಿಯ ನೀರಿಗೇ ಫೇಸನ್ನು ತಂದು ಮುಟ್ಟಿಸಬಲ್ಲುದು. ಅರ್ತಿಂಗನ್ನು ಪರೀಕ್ಷಿಸದೆ ಕಡ್ಡಿ ಹಾಕಬಾರದು.

ಆವಿಯಾದ ಉಪ್ಪು ನೀರಿನ ಹನಿಗಳು ಬಿಟ್ಟ ಹರಳುಗಳು ವೈರುಗುಂಟ ತೆವಳಿ ಪ್ಲಗ್ಗಿನವರೆಗೂ ಬರುತ್ತವೆ. ಗಾಳಿಯ ತೇವವನ್ನು ಹೀರಿ ಅಲ್ಲಿ ವಾಹಕವಾಗುತ್ತವೆ. ಪ್ರತಿಯೊಂದು ವೈರೂ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತು ಅನಂತರ ಮೇಲೇರುವಂತಿದ್ದರೆ ಹನಿಗಳು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತವೆ. 24 ವೋಲ್ಟಿನ ಡಿ.ಸಿ. ಪಂಪುಗಳು ಈಗ ದೊರೆಯುತ್ತಿರುವುದರಿಂದ ಅಷ್ಟರ ಮಟ್ಟಿಗೆ ಭಯ ಕಡಿಮೆಯಾಗಿದೆ. ಹೀಟರು ಮಾತ್ರ ಸಾಮಾನ್ಯವಾಗಿ 230 ವೋಲ್ಟಿನದೇ.

ಆರ್.ಸಿ.ಸಿ.ಬಿ. ಬಿದ್ದಾಗ ಪಂಪೆಲ್ಲ ನಿಂತು ಆಮ್ಲಜನಕವಿಲ್ಲದೆ ಮೀನುಗಳು ಸತ್ತಾವೆಂದು ಅಂಜಿ ಕೆಲವರು ಅದನ್ನು ಹಾಕಿಸುವುದೇ ಇಲ್ಲ. ಹೀಟರಿಗೆ ಒಂದು, ಪಂಪುಗಳಿಗೆ ಇನ್ನೊಂದು ಎಂದು ಎರಡು ಹಾಕಿಸಿ, ಬ್ಯಾಟರಿಯಿಂದ ನಡೆಯುವ ಸಣ್ಣ ಗಾಳಿ ಪಂಪೊಂದನ್ನು ಸಿದ್ಧವಿಟ್ಟುಕೊಂಡರೆ ಈ ಅಂಜಿಕೆಗೆ ಕಾರಣವಿಲ್ಲ. ಸ್ವಿಚ್ಚಿನ ಮೇಲಿರುವ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವುದು ಲೇಸು.