ಬಾಲಚುಕ್ಕಿಗೆ ಬಾಗಿಲು ಹಾಕಬೇಡಿ

"ಬಾಲಚುಕ್ಕಿ ಮೂಡಿದರೆ ಅರಸನಿಗೆ ಕೇಡು, ಊರಿಗೆ ಬರ" ಎಂಬ ಮಾತನ್ನು ಅಜ್ಜಿಯಂದಿರ ಬಾಯಲ್ಲಿ ಕೇಳದವರು ಯಾರು? ಅದೇ ವರ್ಷ ಮನೆಗೆ ಹೊಸ ಸೊಸೆ ಬಂದಿದ್ದರಂತೂ ಮುಗಿದೇ ಹೋಯಿತು. ದನ ಸತ್ತರೂ, ಬೆಳೆ ಒಣಗಿದರೂ "ಇವಳ ಕಾಲ್ಗುಣ" ಅಂತ ಆಕೆಯ ತಲೆಗೇ ಕಟ್ಟುವುದು. ಈಗ ಅಜ್ಜಿಯ ಜಾಗಕ್ಕೆ ಮೊಬೈಲು ಬಂದಿದೆ. "ಮುಂದಿನ ವಾರ ಭೂಮಿಗೆ ಬಂಡೆ ಬಡಿಯುತ್ತೆ" ಎಂಬ ವಾಟ್ಸಾಪ್ ಸುದ್ದಿ ನೋಡಿ ಮಕ್ಕಳು ನಿದ್ದೆಗೆಡುತ್ತವೆ. ಹೆದರಿಕೆ ಹೋಗಬೇಕಾದರೆ ಅದೇನೆಂದು ತಿಳಿದಿರಬೇಕು, ಅಲ್ಲವೇ?

ರೊಟ್ಟಿ ತಟ್ಟಿದ ಮೇಲೆ ಮಣೆಯ ಸುತ್ತ ಹಿಟ್ಟು ಉಳಿಯುತ್ತದಲ್ಲ, ಹಾಗೆ ಸುಮಾರು 460 ಕೋಟಿ ವರ್ಷಗಳ ಹಿಂದೆ ಗ್ರಹಗಳು ಆದಾಗ ಉಳಿದ ಚೂರುಗಳೇ ಇವು. ಕಲ್ಲು, ಲೋಹದ ಚೂರುಗಳು ಕ್ಷುದ್ರಗ್ರಹಗಳು. ಹೆಚ್ಚಿನವು ಮಂಗಳ, ಗುರು ಗ್ರಹಗಳ ನಡುವೆ ಸುತ್ತುತ್ತಿವೆ. ದೂರದ ಚಳಿಯಲ್ಲಿ ಹೆಪ್ಪುಗಟ್ಟಿದ, ಧೂಳು ಬೆರೆತ ಮಂಜಿನ ಗಡ್ಡೆಗಳು ಧೂಮಕೇತುಗಳು. ಅವೇ ನಮ್ಮ ಬಾಲಚುಕ್ಕಿ. ಸೂರ್ಯನ ಹತ್ತಿರ ಬಂದಾಗ ಮಂಜು ಆವಿಯಾಗಿ, ಧೂಳು ಹಾರಿ ಬಾಲವಾಗುತ್ತದೆ. ಒಲೆಯ ಹೊಗೆ ಗಾಳಿ ಬೀಸಿದತ್ತ ವಾಲುವಂತೆ, ಬಾಲ ಯಾವಾಗಲೂ ಸೂರ್ಯನಿಂದ ಆಚೆಗೇ ಚಾಚಿರುತ್ತದೆ.

1910ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಅದರ ಬಾಲದಲ್ಲಿ ವಿಷಾನಿಲವಿದೆಯೆಂದು ವಿದೇಶಗಳಲ್ಲಿ ಓದಿದವರೂ ಹೆದರಿದರು. ರಕ್ಷಣೆಗೆಂದು ಮಾತ್ರೆಗಳನ್ನೂ ಮಾರಿದರು! ಯಾರಿಗೂ ಏನೂ ಆಗಲಿಲ್ಲ. 1986ರಲ್ಲಿ ಅದೇ ಹ್ಯಾಲಿ ಮತ್ತೆ ಬಂದು ಹೋಯಿತು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಬೆಂಗಳೂರಿನವರು ನಸುಕಿನಲ್ಲೇ ಎದ್ದು ಇನ್ನೊಂದು ಬಾಲಚುಕ್ಕಿ ನೋಡಿ ಸಂತೋಷಪಟ್ಟರು. ನಮ್ಮವರೇ ಆದ ವೇಣು ಬಾಪು 1949ರಲ್ಲಿ, ಅಮೆರಿಕದ ಹಾರ್ವರ್ಡ್‌ನಲ್ಲಿ ಓದುತ್ತಿದ್ದಾಗ, ಒಂದು ಧೂಮಕೇತುವನ್ನು ಕಂಡುಹಿಡಿದರು. ಅದಕ್ಕೆ ಅವರ ಹೆಸರೂ ಸೇರಿತು. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯನ್ನು ಬೆಳೆಸಿದವರೂ ಅವರೇ.

ಇನ್ನು "ಚುಕ್ಕಿ ಬಿತ್ತು" ಅನ್ನುತ್ತೇವಲ್ಲ, ಅದು ಚುಕ್ಕಿಯೇ ಅಲ್ಲ, ಉಲ್ಕೆ. ಹೆಚ್ಚಿನವು ಮರಳಿನ ಕಣ, ರಾಗಿಕಾಳಿನಷ್ಟೇ ಇರುತ್ತವೆ. ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ನುಗ್ಗಿ, ಸುಮಾರು 100 ಕಿಲೋಮೀಟರ್ ಎತ್ತರದಲ್ಲೇ ಉರಿದುಹೋಗುತ್ತವೆ. ಅಪರೂಪಕ್ಕೆ ದೊಡ್ಡ ಕಲ್ಲು ಉರಿದು ಮಿಕ್ಕು ನೆಲಕ್ಕೆ ಬೀಳುವುದುಂಟು. 1865ರಲ್ಲಿ ನಮ್ಮ ಪಕ್ಕದ ಮದ್ದೂರಿನಲ್ಲಿ, 1866ರಲ್ಲಿ ಉಡುಪಿಯಲ್ಲಿ ಹಾಗೆ ಬಿದ್ದ ಉಲ್ಕಾಶಿಲೆಗಳು ಆಯಾ ಊರಿನ ಹೆಸರಿನಲ್ಲೇ ಪಟ್ಟಿಯಲ್ಲಿವೆ.

ಅಪಾಯ ಇಲ್ಲವೇ ಇಲ್ಲ ಅಂತೇನಲ್ಲ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಊರಿನ ಬಳಿ ಸುಮಾರು 20 ಮೀಟರ್ ಅಗಲದ ಕಲ್ಲು ಆಕಾಶದಲ್ಲೇ ಸಿಡಿಯಿತು. ಬೆಳಕು ಕಂಡು ಜನ ಕಿಟಕಿಗೆ ಓಡಿದರು. ಸ್ವಲ್ಪ ಹೊತ್ತು ಬಿಟ್ಟು ಬಂದ ಗಾಳಿಯ ಹೊಡೆತಕ್ಕೆ ಗಾಜು ಒಡೆದು ಸುಮಾರು 1,500 ಮಂದಿಗೆ ಗಾಯವಾಯಿತು. ಮಕ್ಕಳಿಗೆ ಇದೊಂದು ಹೇಳಿಕೊಡಿ: ಆಕಾಶದಲ್ಲಿ ಕಣ್ಣು ಕೋರೈಸುವ ಬೆಳಕು ಕಂಡರೆ ಕಿಟಕಿಯಿಂದ ದೂರ ಸರಿಯಬೇಕು. ವಿಜ್ಞಾನಿಗಳೂ ಕೈಕಟ್ಟಿ ಕೂತಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನಾಸಾದವರು ಡೈಮಾರ್ಫೋಸ್ ಎಂಬ ಪುಟ್ಟ ಬಂಡೆಗೆ ನೌಕೆಯೊಂದನ್ನು ಢಿಕ್ಕಿ ಹೊಡೆಸಿ ಅದರ ದಾರಿ ಬದಲಿಸಿದರು.

ನೋಡಲು ಆಸೆಯೇ? ಪಟ್ಟಣದ ದೀಪಗಳಿಂದ ದೂರವಿರುವ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹಳ್ಳಿಗಳೇ ಇದಕ್ಕೆ ಒಳ್ಳೆಯ ಜಾಗ. ಆಗಸ್ಟ್ 12–13ರ ನಸುಕಿಗೆ ಉಲ್ಕೆಗಳ ಮಳೆ ಇರುತ್ತದೆ. ಮೋಡ ಸರಿದರೆ, ಹೊಗೆಸೊಪ್ಪಿನ ಬ್ಯಾರನ್ನಿಗೆ ಬೆಂಕಿ ನೋಡಿಕೊಂಡು ಎದ್ದಿರುವವರಿಗೂ ಕಾಣಬಹುದು. ಆಕಾಶ ತಿಳಿಯಾಗಿರುವ ಡಿಸೆಂಬರ್ 13–14ರ ರಾತ್ರಿ ಇನ್ನೂ ಚೆನ್ನ. ಮಹಡಿಯ ಮೇಲೆ ಚಾಪೆ ಹಾಸಿ, ದೀಪ, ಮೊಬೈಲು ಆರಿಸಿ, ಕಂಬಳಿ ಹೊದ್ದು ಮಲಗಿ. ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತು ನಿಮಿಷ ಬೇಕು. ದುರ್ಬೀನು ಬೇಡ. ಕಾಡಂಚಿನವರು ಆನೆ ಓಡಾಡುವ ಹೊಲದ ಕಡೆ ಮಾತ್ರ ಹೋಗಬೇಡಿ.

ಹ್ಯಾಲಿ ಮತ್ತೆ ಬರುವುದು 2061ರಲ್ಲಿ. ಇಂದು ನಿಮ್ಮ ಮಡಿಲಲ್ಲಿರುವ ಹೆಣ್ಣುಕೂಸು ಅಂದು ನಡುವಯಸ್ಸಿನ ಗೃಹಿಣಿ. ಅಷ್ಟರೊಳಗೆ "ಕಾಲ್ಗುಣ"ದ ಮಾತು ನಮ್ಮ ಮನೆಗಳಿಂದ ಹೊರಟುಹೋಗಿರಲಿ.